ಹಣ್ಣಿನ ತಟ್ಟೆ ಹಿಡಿದ ಗೀಗೀ ಮೇಳ

ಮಹಾದೇವಿ ಟೀಚರ್ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲಲ್ಲ, ಅವರನ್ನು ದುಡಿಸಿಕೊಂಡವರ ಮೇಲೆ. ಮುಂಬಯಿ ವಡಾಲದ ನಮ್ಮ ಕನ್ನಡ ಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ, ಅವರು ಕನ್ನಡ. ಅದು ಹೆಸರಿಗೆ ಮಾತ್ರ. ಖೋಖೋ ಪಂದ್ಯ, ಭಾಷಣ ಸ್ಪರ್ಧೆ, ಆಗಸ್ಟ್ ಹದಿನೈದರ ಲೇಜಿಮ್, ವಿಜ್ಞಾನ ಪ್ರದರ್ಶನದ ಥರ್ಮಾಕೋಲ್ ಜ್ವಾಲಾಮುಖಿ, ಎಲ್ಲ ಅವರ ತಲೆಗೇ. "ಮಹಾದೇವಿ ಟೀಚರ್‌ಗೆ ಆಸಕ್ತಿ ಇದೆ" ಅಂತ ಹೆಡ್ಮಾಸ್ತರರು ಒಂದು ಮಾತು ಹೇಳಿ ಕೈತೊಳೆದುಕೊಳ್ಳುತ್ತಾರೆ. ಆಸಕ್ತಿ ಇದ್ದವರಿಗೆ ಕಾಲು ನೋಯುವುದಿಲ್ಲ ನೋಡಿ!

ಅವರ ಅಪ್ಪ ಯಾದಗಿರಿ ಕಡೆಯಿಂದ ಬಂದು ಬಂದರಿನಲ್ಲಿ ಮೂಟೆ ಹೊತ್ತವರು. ಅವ್ವ ತಾವಿದ್ದ ಚಾಳಿನ ಸಾಲುಮನೆಗಳ ಹೆಂಗಸರನ್ನು ಕೂಡಿಸಿಕೊಂಡು ಗೀಗೀ ಪದ ಹಾಡುತ್ತಿದ್ದಳಂತೆ. ಒಬ್ಬಳು ಮುಂದೆ ನಿಂತು ದಪ್ಪು ಬಡಿಯುತ್ತ ಹಾಡುವುದು, ಹಿಂದಿನವರು "ಗೀಯ ಗೀಯ" ಎಂದು ಸೊಲ್ಲು ಹಿಡಿಯುವುದು. ಮಹಾದೇವಿ ಇದೇ ಶಾಲೆಯಲ್ಲಿ ಕಲಿತು, ಇದೇ ಶಾಲೆಗೆ ಟೀಚರಾಗಿ ಬಂದರು. ಅವ್ವ ತೀರಿಕೊಂಡ ಮೇಲೆ ಆ ದಪ್ಪನ್ನು ಶಾಲೆಗೇ ತಂದಿಟ್ಟರು. ಹಿಂದಿಯಲ್ಲಿ ಜಗಳವಾಡಿ ಮರಾಠಿಯಲ್ಲಿ ಆಟವಾಡುವ ನಮ್ಮ ಹುಡುಗಿಯರು ಅದು ಸಿಕ್ಕಿದ ಮೇಲೆ ಕನ್ನಡದಲ್ಲಿ ಗಂಟಲು ಬಿಚ್ಚಿದರು. ಅವರಲ್ಲಿ ಸೈಮಾ ದಪ್ಪು ಬಡಿದರೆ ಮಹಡಿಯ ಕಿಟಕಿ ಅದುರುತ್ತಿತ್ತು.

ಮುಂದೆ ನಿಂತು ಹಾಡುವವಳು ಶಿವಕುಮಾರಿ. ಏಳನೇ ಕ್ಲಾಸು, ಕಡ್ಡಿಯಂಥ ಹುಡುಗಿ, ದನಿ ಮಾತ್ರ ಆ ಮೈಯೊಳಗೆ ಎಲ್ಲಿತ್ತೋ! ಅವಳ ಅಪ್ಪ ಸಾಯಬಣ್ಣ ಅಂಧೇರಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಸಣ್ಣ ಕೂಸಿದೆ, ಹೆಂಡತಿ ನಾಲ್ಕು ಮನೆ ಪಾತ್ರೆ ತೊಳೆಯಲು ಹೋಗುತ್ತಾಳೆ. ಮಗಳು ಸಂಜೆ ಶಾಲೆಯಲ್ಲಿ ನಿಂತರೆ ಕೂಸನ್ನು ನೋಡುವವರಾರು? ಹಾಡಿನ ಅಭ್ಯಾಸ ಬಿಡಿಸುತ್ತೇನೆಂದು ಅವನು ಬಂದಾಗ ಟೀಚರ್ ಅಂದರು, "ಒಮ್ಮೆ ಆಕಿ ಪ್ರೋಗ್ರಾಮ್ ನೋಡ್ರಿ, ಸಾಯಬಣ್ಣ. ನೋಡಿದ ಮ್ಯಾಲೂ ಬ್ಯಾಡ ಅಂದ್ರ ನಾ ಎರಡನೇ ಮಾತು ಆಡಂಗಿಲ್ಲ." ಅವನು ಒಪ್ಪಿದ.

ಆ ಪ್ರೋಗ್ರಾಮ್ ಎಂದರೆ ನಮ್ಮ ಶಾಲೆಗೆ ದುಡ್ಡು ಕೊಡುವ ಕನ್ನಡ ಸಂಘದ ವಾರ್ಷಿಕೋತ್ಸವ. ಸಂಘ ನಮ್ಮ ಕರಾವಳಿಯವರದ್ದು, ನನ್ನ ಊರಿನವರದ್ದೇ, ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರಿಯುವುದು. ಕಾರ್ಯದರ್ಶಿ ಕಿಶೋರರು ತಾವಾಗಿಯೇ ಶಾಲೆಗೆ ಬಂದು, ಪ್ರಾರ್ಥನೆಯಾದ ಕೂಡಲೇ ಮಕ್ಕಳ ಗೀಗೀ ಪದ ಎಂದು ಮಾತು ಕೊಟ್ಟು ಹೋಗಿದ್ದರು. ಟೀಚರ್ ಹೊಸ ಪದ ಕಟ್ಟಿದರು, ಓಣಿಗೆ ನೀರಿನ ಟ್ಯಾಂಕರ್ ಬರುವ ಪದ. ಹುಡುಗಿಯರಿಗೆ ಇಳಕಲ್ ಸೀರೆ ಉಡಿಸಲು ಚಾಳಿನ ಮನೆ ಮನೆ ತಿರುಗಿದರು.

ಪ್ರಾರ್ಥನೆ ಆಯಿತು. ಆಮೇಲೆ ಸನ್ಮಾನ. ಅಧ್ಯಕ್ಷರಿಗೆ, ಮಾಜಿ ಅಧ್ಯಕ್ಷರಿಗೆ, ಹಾಲ್ ಕೊಡಿಸಿದವರಿಗೆ, ಹಾಲ್ ಕೊಡಿಸಿದವರ ಭಾವನಿಗೆ. ಪೇಟ, ಶಾಲು, ಹಾರ, ಹಣ್ಣಿನ ತಟ್ಟೆ, ಫೋಟೋ. ಶಾಲು ಹೊದ್ದವರೆಲ್ಲ "ಎರಡೇ ಮಾತು" ಅಂತ ಮೈಕ್ ಹಿಡಿದರು. ಅಯ್ಯೋ ರಾಮಾ, ಆ ಎರಡು ಮಾತು! ಹಿಂದಿನ ಸಾಲಿನಲ್ಲಿ ಸಾಯಬಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೆಟ್ಟಗೆ ಕೂತಿದ್ದ. ಅವತ್ತು ಅವನ ಸೈಟಿನಲ್ಲಿ ಸ್ಲ್ಯಾಬ್ ಹಾಕುವುದಿತ್ತು, ಸಂಜೆಯೊಳಗೆ ವಾಪಸು ಬರುತ್ತೇನೆಂದು ಕೂಲಿಗಳ ಮೇಸ್ತ್ರಿ ಮುಕಾದಮನ ಕಾಲು ಹಿಡಿದು ಬಂದಿದ್ದ.

ಆಗ ಕಿಶೋರರು ಓಡಿ ಬಂದರು. "ಮಾರಾಯ್ರೆ ಟೀಚರ್, ಮಕ್ಕಳು ಎಂಥ ಚಂದ ಕಾಣ್ತಾರೆ! ಸನ್ಮಾನದ ತಟ್ಟೆ ಹಿಡೀಲಿಕ್ಕೆ ಒಮ್ಮೆ ಕಳಿಸಿ ಆಯ್ತಾ? ಅದು ಮುಗಿದ ಕೂಡ್ಲೆ ಅವರದ್ದೇ ಐಟಮ್." ಟೀಚರ್ ಮುಖ ಗಂಟಿಕ್ಕಿದರು. ಆದರೆ ಬೇಗ ಮುಗಿದರೆ ಸಾಕಾಗಿತ್ತು, ಸಾಯಬಣ್ಣ ಗಡಿಯಾರ ನೋಡುತ್ತಿದ್ದ. ಕಳಿಸಿದರು. ನಮ್ಮ ಮೇಳ ಇಳಕಲ್ ಸೀರೆಯಲ್ಲಿ ಸಾಲಾಗಿ ನಿಂತು ಯಾರ್ಯಾರದೋ ಹಣ್ಣಿನ ತಟ್ಟೆ ಹಿಡಿಯಿತು. ಶಿವಕುಮಾರಿ ತಲೆ ತಗ್ಗಿಸಿ ನಿಂತಿದ್ದಳು. ಥೂ, ಆ ಹೊತ್ತಿಗೆ ನಾನೇ ಎದ್ದು ಹೋಗಿ ಮೈಕ್ ಕಿತ್ತುಕೊಳ್ಳಬೇಕು ಅನ್ನಿಸಿತು.

ಮಕ್ಕಳು ಕೆಳಗಿಳಿದಾಗ ಸಾಯಬಣ್ಣ ಜೋರಾಗಿ ಚಪ್ಪಾಳೆ ತಟ್ಟಿದ. ಅವನೊಬ್ಬನೇ. ಆಮೇಲೆ ಬಾಗಿಲ ಹತ್ತಿರ ಟೀಚರ್‌ಗೆ ಕೈ ಮುಗಿದ. "ಚೊಲೋ ಮಾಡಿದ್ಲು ಬಿಡ್ರಿ ಅಕ್ಕೋರ, ತಾಟ ಬೀಳ್ಸಲಿಲ್ಲ. ಆದ್ರ ಇಷ್ಟಕ್ಕ ದಿನಾ ಸಂಜೀಮುಂದ ನಿಂದರಬೇಕೇನ್ರಿ? ನಾಳಿಂದ ಸಾಲಿ ಬಿಟ್ಟಕೂಡ್ಲೆ ಮನೀಗೆ ಕಳಸ್ರಿ."

ಪಾಪ, ಅದೇ ಪ್ರೋಗ್ರಾಮ್ ಅಂದುಕೊಂಡಿದ್ದ! ಇಂಥ ಸಭೆಗೆ ಅವನು ಹಿಂದೆಂದೂ ಕಾಲಿಟ್ಟವನಲ್ಲ, ಅವನಿಗೇನು ಗೊತ್ತು? ಅಷ್ಟರಲ್ಲಿ ಮೈಕಿನಲ್ಲಿ ಕಿಶೋರರ ದನಿ: "ಈಗ ಸಾಂಸ್ಕೃತಿಕ ಸೇವೆಗಾಗಿ ಶ್ರೀಮತಿ ಮಹಾದೇವಿ ಟೀಚರ್ ಅವರಿಗೆ ಸನ್ಮಾನ. ದಯವಿಟ್ಟು ವೇದಿಕೆಗೆ ಬರಬೇಕು."

ಅವರು ವೇದಿಕೆ ಕಡೆ ತಿರುಗಿಯೂ ನೋಡಲಿಲ್ಲ. "ಸಾಯಬಣ್ಣ, ನಿಂದರ್ರಿ. ನೀವು ಇನ್ನೂ ಏನೂ ನೋಡಿಲ್ಲ" ಎಂದು ಅವನನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದರು. ಬಿಟ್ಟ ಚಪ್ಪಲಿಗಳ ರಾಶಿಯ ಪಕ್ಕದಲ್ಲೇ ಹುಡುಗಿಯರನ್ನು ನಿಲ್ಲಿಸಿದರು. "ಸೈಮಾ, ಬಡಿಯವ್ವ!"

ಸೈಮಾ ಬಡಿದಳು. ಶಿವಕುಮಾರಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ದನಿ ಎತ್ತಿದಳು.

"ಟ್ಯಾಂಕರ್ ಬಂತವ್ವ ಓಣಿಗೆ, ಏಳ ಏಳ,
ಕೊಡಪಾನ ಜಗಳ ಕೇಳ ಕೇಳ!"

ರಿಕ್ಷಾದವರು ನಿಂತರು. ಹಾಲ್ ಒಳಗಿನವರು ಒಬ್ಬೊಬ್ಬರಾಗಿ ಎದ್ದು ಹೊರಬಂದರು. ಕಿಶೋರರು ಕೈಯಲ್ಲಿ ಶಾಲು ಹಿಡಿದುಕೊಂಡೇ ಓಡಿ ಬಂದರು. "ಟೀಚರ್, ಸ್ವಲ್ಪ ಮೆಲ್ಲ, ಒಳಗೆ ಅಧ್ಯಕ್ಷರ ಭಾಷಣ." "ಅವರಿಗೇ ಮೆಲ್ಲ ಮಾತಾಡ್ಲಿಕ್ಕೆ ಹೇಳಿ!" ಅಂತ ನಾನು ಕೂಗಿದೆ. ಕೆಲಸ ಹೋದರೆ ಹೋಗಲಿ ಅನ್ನಿಸಿತ್ತು.

ಸಾಯಬಣ್ಣ ಮೆಟ್ಟಿಲ ಮೇಲೆ ಅಲುಗಾಡದೆ ಕೂತಿದ್ದ. ಪದ ಮುಗಿದಾಗ ಅವನು ಚಪ್ಪಾಳೆ ತಟ್ಟಲಿಲ್ಲ. ಎದ್ದು ಬಂದ. ಮುಖ ಕೆಂಪಾಗಿತ್ತು.

"ಈ ಹುಡುಗಿ ಕೈಯಾಗ ತಾಟ ಕೊಟ್ಟವ್ರು ಯಾರ್ರೀ?"

ಕಿಶೋರರು ಶಾಲು ಮಡಚತೊಡಗಿದರು.

"ನಾನ ಕಳಿಸಿದ್ದು" ಅಂದರು ಮಹಾದೇವಿ ಟೀಚರ್. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅವನು ಮಗಳ ತಲೆಯ ಮೇಲೆ ಕೈಯಿಟ್ಟ. "ನಾಳಿ ಸಂಜೀಕೂ ನಿಂದರಿಸ್ಕೋರಿ. ಕೂಸಿನ್ನ ಸಾಲಿಗೇ ಎತ್ಕೊಂಡು ಬರ್ತಾಳ. ಆದ್ರ ಇನ್ನೊಮ್ಮೆ ಈಕಿ ಕೈಯಾಗ ಯಾರ ತಾಟಾನೂ ಕೊಡಬ್ಯಾಡ್ರಿ, ಅಕ್ಕೋರ." ಹೇಳಿದವನೇ ಸ್ಟೇಷನ್ ಕಡೆ ಓಡಿದ.