ಗಡಿ ಕಾದವನ ಕೋಟೆ, ನಾನು ಎತ್ತಿಟ್ಟ ಮನೆಗಳು

ಸಿಂಚನಾ, ನಿನ್ನ ಗೊಂಬೆಗಳನ್ನು ಆಯಿಷಾ ಒಡೆಯಲಿಲ್ಲ. ಅವು ಒಡೆಯಲೇ ಇಲ್ಲ. ನಾನೇ ಎತ್ತಿ ಬಚ್ಚಿಟ್ಟೆ, ಹೆಸರು ಮಾತ್ರ ಅವಳದ್ದು ಹೇಳಿದೆ — ಇದನ್ನು ಹೇಳಲು ನಿನ್ನ ಅಮ್ಮನಿಗೆ ಇಷ್ಟು ವರ್ಷ ಬೇಕಾಯಿತು.

ನೀನಾಗ ಆರನೇ ಕ್ಲಾಸು. ಅಮೆರಿಕಕ್ಕೆ ಬಂದ ಮೇಲೂ ಬೆಲ್ವ್ಯೂ ಊರಿನ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ದಸರೆಗೂ ಗೊಂಬೆ ಕೂರಿಸುತ್ತಿದ್ದೆವು. ಗೊಂಬೆ ಮೆಟ್ಟಿಲುಗಳ ಮುಂದೆ ನೆಲದ ಮೇಲೆ ಜೋಡಿಸುವ ಪಾರ್ಕು ನಿನ್ನ ಪಾಲು. ಆ ವರ್ಷ ಸ್ಕೂಲಿನವರು ನಿಮ್ಮನ್ನು ಪರ್ವತದಾಚೆಯ ಒಂದು ಕೌಂಟಿಗೆ, ನಮ್ಮ ಜಿಲ್ಲೆಯಂಥದ್ದಕ್ಕೆ, ಕರೆದೊಯ್ದಿದ್ದರು. ಆ ಕೌಂಟಿಗೆ ಹೆಸರು ಕೊಟ್ಟ ಸೇನಾಧಿಕಾರಿಯ ಕತೆಯನ್ನೇ ಪಾರ್ಕು ಮಾಡುತ್ತೇವೆಂದು ನೀನೂ ಕೆಳಗಿನ ಕನ್ನಡದವರ ಮನೆಯ ಆಯಿಷಾಳೂ ಹಟ ಹಿಡಿದಿರಿ. ದೇಶ ಅಂತರ್ಯುದ್ಧದಲ್ಲಿದ್ದಾಗ ಇಲ್ಲಿ ಗಡಿ ಕಾದವನು ಆತ — ಅಲ್ಲಿನ ಫಲಕದಲ್ಲಿ ಹಾಗಿತ್ತಂತೆ. ಆ ಕಾವಲಿನಲ್ಲಿ ಮೂಲನಿವಾಸಿಗಳ ಮನೆಗಳಿಗೆ, ಚಳಿಗಾಲಕ್ಕೆಂದು ಒಣಗಿಸಿಟ್ಟ ಮೀನಿಗೆ ಬೆಂಕಿ ಇಟ್ಟದ್ದೂ ಸೇರಿತ್ತೆಂದು ಗೈಡ್ ಹೇಳಿದಳಂತೆ. ನೀವು ಎರಡನ್ನೂ ಮಾಡಿದಿರಿ. ಈಚೆ ಐಸ್‌ಕ್ರೀಮ್ ಕಡ್ಡಿಯ ಕೋಟೆ, ಕುದುರೆಯ ಮೇಲೆ ಅಧಿಕಾರಿ. ಆಚೆ ಜೇಡಿಮಣ್ಣಿನ ಸುಟ್ಟ ಮನೆಗಳು, ಮಗು ಎತ್ತಿಕೊಂಡ ಹೆಂಗಸರು. ಚೆನ್ನಾಗಿತ್ತು ಕಣೇ, ತುಂಬಾ ಚೆನ್ನಾಗಿತ್ತು.

ಶನಿವಾರ ಅರಿಸಿನ ಕುಂಕುಮ. ನಿಮ್ಮಪ್ಪನ ಮ್ಯಾನೇಜರ್ ಹೆಂಡತಿಯೊಡನೆ ಬರುತ್ತೇನೆಂದರು. ಆತ ಆ ಕೌಂಟಿಯವರೇ. ತಮ್ಮ ವಂಶದ ಹಿರಿಯರೊಬ್ಬರು ಆ ಸೇನಾಧಿಕಾರಿಯ ಪಡೆಯಲ್ಲಿದ್ದರೆಂದು ಆಫೀಸಿನಲ್ಲೆಲ್ಲ ಹೇಳಿಕೊಳ್ಳುವವರು. ಆಗ ಜನರನ್ನು ಕೆಲಸದಿಂದ ತೆಗೆಯುವ ಮಾತು ಬೇರೆ ನಡೆದಿತ್ತು. ಕೆಲಸ ಹೋದರೆ ವೀಸಾ ಹೋಯಿತು. ಉಂಡ ಮನೆಯ ಜಂತೆ ಎಣಿಸಬಾರದು ಎಂದುಕೊಂಡೆ. ಕೂರಿಸಿದ ಗೊಂಬೆಯನ್ನು ವಿಜಯದಶಮಿವರೆಗೆ ಕದಲಿಸಬಾರದೆಂದು ನಿನಗೆ ಕಲಿಸಿದವಳೇ ನಾನು — ನೀನು ಈಜು ಸ್ಪರ್ಧೆಗೆ ಹೋದಾಗ ಮನೆಗಳನ್ನೂ ಹೆಂಗಸರನ್ನೂ ಡಬ್ಬಕ್ಕೆ ತುಂಬಿದೆ. ಕೋಟೆ ಉಳಿಯಿತು. ಮ್ಯಾನೇಜರ್ ಫೋಟೊ ತೆಗೆದುಕೊಂಡು ಖುಷಿಯಾಗಿ ಹೋದರು.

"ಅಮ್ಮಾ, ವೇರ್ ಆರ್ ದ ಹೌಸಸ್?" ಎಂದು ನೀನು ಬಂದವಳೇ ಕೇಳಿದೆ.

"ಆಯಿಷಾ ಬಂದಿದ್ಲು, ಕೈ ತಾಗಿ ಬಿದ್ದು ಒಡೆದ್ವು. ಪಾಪ, ಅವಳನ್ನ ಏನೂ ಕೇಳ್ಬೇಡ."

ಬಣ್ಣ ಹಚ್ಚಲು ಒಯ್ದಿದ್ದ ಬ್ರಷ್ ವಾಪಸ್ ಕೊಡಲು ಅವಳು ಬಂದದ್ದು ನಿಜ, ಬಾಗಿಲಲ್ಲೇ ಕೊಟ್ಟು ಹೋದಳು. ಕೇಳಬೇಡ ಎಂದದ್ದು ಕರುಣೆಯಿಂದಲ್ಲ, ಸಿಕ್ಕಿಬೀಳುವ ಭಯದಿಂದ. ನೀನು ಕೇಳಲಿಲ್ಲ. ಒಡೆದು ಸಾರಿ ಕೂಡ ಹೇಳಲಿಲ್ಲವಲ್ಲ ಎಂದು ಅವಳೊಡನೆ ಮಾತೇ ಬಿಟ್ಟೆ.

ಕೆಲಸವೇನೋ ಉಳಿಯಿತು — ಗೊಂಬೆಗಳಿದ್ದರೂ ಉಳಿಯುತ್ತಿತ್ತೋ ಏನೋ... ಮನೆ ಕಾಯಲು ಹಾಗೆ ಮಾಡಿದೆ ಎನ್ನಬಹುದು. ಆ ಫಲಕ ಬರೆದವರೂ ಅದನ್ನೇ ಅಂದದ್ದು.

ವಾರದ ಮೇಲೆ ಆಯಿಷಾ ಬಂದು ಬಾಗಿಲು ತಟ್ಟಿದಳು. ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ, ಅವತ್ತು ಕನ್ನಡದಲ್ಲಿ ಕೇಳಿದಳು: "ಆಂಟಿ, ನಾನೇನ್ ಮಾಡ್ದೆ?" "ಏನಿಲ್ಲಮ್ಮ, ಅವಳಿಗೆ ಹೋಮ್‌ವರ್ಕ್" ಎಂದು ಬಾಗಿಲು ಹಾಕಿಕೊಂಡೆ.

ಅವಳೀಗ ಇಲ್ಲೇ ಹತ್ತಿರದ ಸ್ನೊಕ್ವಾಲ್ಮಿ ಊರಿನಲ್ಲಿದ್ದಾಳೆ. ಭಾನುವಾರ ಹೋಗಿ ಅವಳಿಗೆ ಉತ್ತರ ಹೇಳುತ್ತೇನೆ. ನೀನೂ ಬಾ ಎನ್ನುವ ಹಕ್ಕು ನನಗಿಲ್ಲ. ಅವಳು ಒಳಗೆ ಕರೆಯದಿದ್ದರೆ ಹೊರಗೆ ನಿಂತೇ ಹೇಳಿ ಬರುತ್ತೇನೆ.