ಬೆಲೆ: ಅಮೂಲ್ಯ

ಎಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಪಬ್ಲಿಷರ್ ಆದೆ. ಹೇಳಿದರೆ ನಗುತ್ತಾರೆ. ಆದರೆ ಪುಸ್ತಕದ ಎರಡನೇ ಪುಟದಲ್ಲಿ, ಪ್ರಕಾಶಕರು ಎಂಬಲ್ಲಿ, ಶಿರಸಿಯ ನಮ್ಮ ಮನೆಯ ಹೆಸರೇ ಇದೆ. ನಂಬದವರು ತೆಗೆದು ನೋಡಬಹುದು.

ಬರೆದದ್ದು ಲಲಿತ ಪ್ರಬಂಧಗಳನ್ನು. ಸಿದ್ದಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲದವು: ಸ್ಟಾಫ್ ರೂಮಿನ ಚಹಾ, ಬೆಳಗಿನ ಬಸ್ಸಿನಲ್ಲಿ ನನಗೆಂದು ಸೀಟು ಹಿಡಿದಿಡುತ್ತಿದ್ದ ಹುಡುಗಿಯರು, ಪಾಸ್ಟ್ ಟೆನ್ಸ್ ಎಂದರೆ ಕಳೆದುಹೋದ ಟೆನ್ಶನ್ ಎಂದು ಬರೆದ ಒಬ್ಬ ವಿದ್ಯಾರ್ಥಿನಿ. ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಓದಿ, ಚೆನ್ನಾಗಿದೆ, ಹಾಕೋಣ, ಆದರೆ ಮುನ್ನೂರು ಪ್ರತಿ ನೀವೇ ಕೊಳ್ಳಬೇಕು ಎಂದರು. ನನ್ನ ಪುಸ್ತಕವನ್ನು ನಾನೇ ಕೊಳ್ಳುವುದಾದರೆ ನಡುವೆ ಇವರೇಕೆ ಎನ್ನಿಸಿ, ಶಿರಸಿಯ ಪ್ರೆಸ್ಸಿನಲ್ಲೇ ಐನೂರು ಪ್ರತಿ ಮಾಡಿಸಿದೆ.

ನನಗೆ ಬೇಕಾಗಿದ್ದದ್ದು ಒಬ್ಬೇ ಒಬ್ಬ ಸ್ಟ್ರೇಂಜರ್. ನನ್ನ ಗುರುತಿಲ್ಲದವರು, ದಾಕ್ಷಿಣ್ಯವಿಲ್ಲದವರು, ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡು ದುಡ್ಡು ಕೊಟ್ಟು ಒಯ್ಯಬೇಕು. ಬಳಗದವರು ಹೇಗೂ ಹೊಗಳುತ್ತಾರೆ. ನನ್ನ ಉಪ್ಪಿನಕಾಯಿಯನ್ನೂ ಹೊಗಳಿದ್ದಾರೆ. ಅದು ಹೇಗಿರುತ್ತದೆಂದು ನನಗೆ ಗೊತ್ತು. ಅಪರಿಚಿತರೊಬ್ಬರು ಕೊಂಡರೆ ನಾನು ಲೇಖಕಿ. ಇಲ್ಲದಿದ್ದರೆ ಬರೆಯುವ ಹವ್ಯಾಸವಿರುವ ಅಜ್ಜಿ.

ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಹೆಣ್ಣುಮಗಳು ಕೊನೆಯ ದಿನ ಕಂಪ್ಯೂಟರಿನಿಂದ ಮುಖ ತಿರುಗಿಸದೆ ಕೇಳಿದಳು.

"ಮೇಡಮ್, ಬೆಲೆ ಎಷ್ಟು ಹಾಕ್ಲಿ?"

ದುಡ್ಡಿನ ಮಾತು ವಲ್ಗರ್ ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಇನ್ನೂ ಮೈಯಲ್ಲಿದೆ. ತಮಾಷೆ ಮಾಡಿ ಪಾರಾಗಲು ನೋಡಿದೆ.

"ಪ್ರೈಸ್‌ಲೆಸ್ ಅಂತ ಹಾಕಿಬಿಡು."

"ಕನ್ನಡದಲ್ಲಿ ಹೇಳಿ ಮೇಡಮ್."

"ಅಮೂಲ್ಯ."

ಆಕೆ ಟೈಪ್ ಮಾಡಿದಳು. ನಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಪುಸ್ತಕ ಬಂದ ವಾರದಲ್ಲಿ ಮನ್ಮನೆ ಊರಿನಿಂದ ನಾದಿನಿಯ ಫೋನು.

"ಅತ್ತಿಗೆ, ಪುಸ್ತಕ ಚೊಲೊ ಬಂಜು. ಮೊಮ್ಮಗನ ಉಪನಯನಕ್ಕೆ ಇನ್ನೂರು ಬೇಕಾಗಿತ್ತು. ಬಂದವಕ್ಕೆಲ್ಲ ಒಂದೊಂದು ಕೊಡ್ಲಕ್ಕು."

ಇನ್ನೂರು ಪ್ರತಿ ಒಮ್ಮೆಗೇ ಹೋಗುತ್ತವೆಂದು ನನಗೂ ಖುಷಿಯಾಯಿತು. ಎಷ್ಟು ರಿಯಾಯಿತಿ ಕೊಡಲಿ ಎಂದು ಕೇಳಿದೆ.

"ರಿಯಾಯಿತಿ ಎಂತಕ್ಕೆ? ಪುಸ್ತಕದ ಒಳಗೇ ಇದ್ದಲಾ, ಬೆಲೆ ಅಮೂಲ್ಯ ಹೇಳಿ."

"ಅಮೂಲ್ಯ ಅಂದ್ರೆ ಬೆಲೆ ಕಟ್ಟಲಿಕ್ಕೆ ಆಗದ್ದು ಮಾರಾಯ್ತಿ."

"ಹೌದು, ಬೆಲೆ ಇಲ್ಲೆ. ಆನೂ ಅದನ್ನೇ ಹೇಳಿದ್ದು."

ನೋಡಿ ಹೇಳುತ್ತೇನೆ ಎಂದು ಫೋನಿಟ್ಟೆ. ನಮ್ಮ ಕಡೆ ಬೆಲೆ ಅಮೂಲ್ಯ ಎಂದು ಅಚ್ಚಾಗುವುದು ಪುಕ್ಕಟೆ ಹಂಚುವ ಪುಸ್ತಕಗಳಲ್ಲಿ: ಉಪನಯನದ ಮನೆಯ ಸ್ತೋತ್ರಗಳು, ತೀರಿಕೊಂಡವರ ನೆನಪಿಗೆ ವೈಕುಂಠ ಸಮಾರಾಧನೆಯ ದಿನ ಕೊಡುವ ಪುಸ್ತಿಕೆ. ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಇಂಥವನ್ನು ನಾನೇ ಎಷ್ಟೋ ಸಲ ಇಸಕೊಂಡಿದ್ದೇನೆ. ಬೆಲೆಯ ಜಾಗದಲ್ಲಿ ಏನು ಬರೆದಿದೆ ಎಂದು ಯಾರು ನೋಡುತ್ತಾರೆ?

ಆದರೂ ಅಂಗಡಿಯವರಿಗೆ ಅರ್ಥವಾದೀತು ಎಂಬ ಧೈರ್ಯದಿಂದ ಹತ್ತು ಪ್ರತಿ ಚೀಲಕ್ಕೆ ಹಾಕಿಕೊಂಡು ಯಲ್ಲಾಪುರಕ್ಕೆ ಹೋದೆ. ಅಲ್ಲಿ ನನ್ನ ಗುರುತಿನವರು ಕಡಿಮೆ. ಪುಸ್ತಕದ ಅಂಗಡಿಯವರು "ಕೂತ್ಕೊಳ್ರಿ ಅಮ್ಮಾ" ಎಂದು ಸ್ಟೂಲು ಕೊಟ್ಟು, ಎರಡನೇ ಪುಟ ಓದಿ, ಪುಸ್ತಕ ಮಗುಚಿ, ದನಿ ತಗ್ಗಿಸಿದರು.

"ಪಾಪ. ಯಾವಾಗ ತೀರ್ಕೊಂಡ್ರು?"

"ಯಾರು?"

"ಇವ್ರು." ಹಿಂಬದಿಯ ಫೋಟೋದ ಮೇಲೆ ಬೆರಳಿಟ್ಟರು. "ಲಕ್ಷಣವಾಗಿದ್ರು. ನಿಮ್ಗೆ ಏನಾಗ್ಬೇಕು?"

"ನಾನೇ ಅದು."

ಅದು ನನ್ನ ನಲವತ್ತರ ಫೋಟೋ. ಈಗಿನವು ಒಂದೂ ಚೆನ್ನಾಗಿ ಬರುವುದಿಲ್ಲವೆಂದು ಹಳೆಯದನ್ನೇ ಹಾಕಿಸಿದ್ದೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅದನ್ನು ನೋಡಿದರು. ಹೋಲಿಕೆ ಹುಡುಕುತ್ತಿದ್ದರು. ಒಂದು ಗಳಿಗೆ ನಾನೂ ಹುಡುಕಿದೆ.

"ಹಂಗಾದ್ರೆ ಅಮೂಲ್ಯ ಅಂತ ಯಾಕ್ ಹಾಕ್ಸಿದ್ರಿ? ಪುಕ್ಕಟೆ ಪುಸ್ತಕಕ್ಕೆ ದುಡ್ಡು ತಗೋತಾನೆ ಅಂತ ಗಿರಾಕಿ ನನ್ನ ಬೈತಾರೆ." ಆಮೇಲೆ ತಾವೇ ಪಾಠ ಶುರು ಮಾಡಿದರು. ಮೂರರಲ್ಲಿ ಒಂದು ಪಾಲು ಅಂಗಡಿಗೆ ಬಿಡಬೇಕು, ಅದನ್ನು ಮೊದಲೇ ಯೋಚಿಸಿ ಬೆಲೆ ಇಡಬೇಕು. "ತೀರಾ ಕಡಿಮೆ ಇಟ್ರೆ ಏನೋ ಐಬು ಇದೆ ಅಂತಾರೆ. ಜಾಸ್ತಿ ಇಟ್ರೆ ಮುಟ್ಟೋದಿಲ್ಲ. ನೂರಾ ಅರವತ್ತು ಇಡ್ರಿ. ಸ್ಟಿಕರ್ ಹಚ್ಚಿ ತನ್ನಿ, ಎದುರಿಗೇ ಇಡ್ತೇನೆ."

ಮನೆಗೆ ಬಂದು ನಾದಿನಿಗೆ ಫೋನು ಮಾಡಿದೆ. ಬಿಟ್ಟಿ ಕೊಡುವುದಿಲ್ಲ ಎಂದು ಹೇಳಲು ಎರಡು ಲೋಟ ನೀರು ಬೇಕಾಯಿತು.

"ಇನ್ನೂರು ಮನೆಗೆ ಹೋಗ್ತಿತ್ತು ಅತ್ತಿಗೆ. ಅಂಗಡಿಲಿ ಧೂಳು ತಿಂತು."

"ಆ ಇನ್ನೂರು ಮನೆಯಲ್ಲಿ ಓದ್ತಾರಾ?"

ಆಕೆ ಪ್ರಾಮಾಣಿಕಳು. ಸ್ವಲ್ಪ ಯೋಚಿಸಿದಳು. "ಓದ್ತ್ವಿಲ್ಲೆ. ಆದ್ರೆ ಬಿಸಾಡ್ತ್ವೂ ಇಲ್ಲೆ."

"ನನಗೆ ಓದೋರು ಬೇಕು."

"ಹಂಗಾರೆ ಬಂದವಕ್ಕೆ ಸ್ಟೀಲ್ ಡಬ್ಬಿನೇ ಸೈ. ಅದಕ್ಕೆ ಮುಚ್ಚಳನಾದ್ರೂ ಇರ್ತು."

ಮುನಿದಳು ಎಂದುಕೊಂಡೆ. ಎರಡು ದಿನ ಬಿಟ್ಟು ಡಬ್ಬಿ ಖರೀದಿಗೆಂದು ಶಿರಸಿಗೆ ಬಂದವಳು ಸೀದಾ ನಮ್ಮ ಮನೆಗೇ ಬಂದು ಸ್ಟಿಕರ್ ಹಚ್ಚಲು ಕೂತಳು. ಒಂದು ಎರಡನೇ ಪುಟಕ್ಕೆ, ಒಂದು ಹಿಂಬದಿಗೆ. ಅವಳು ಹಚ್ಚಿದ್ದೆಲ್ಲ ಓರೆ. ಕೆಲವು ಪ್ರತಿಗಳಲ್ಲಿ ಸ್ಟಿಕರ್ ನನ್ನ ಗಲ್ಲದ ಮೇಲೇ ಕೂತಿದೆ. "ಇರ್ಲಿ ಅತ್ತಿಗೆ, ಈ ವಯಸ್ಸಿಗೆ ನೂರಾ ಅರವತ್ತು ಕಡಮೆ ಎಂತ ಅಲ್ಲ" ಎಂದಳು.

ಸ್ಟಿಕರ್ ಹಚ್ಚಿದ ಹತ್ತು ಪ್ರತಿಗಳನ್ನು ಯಲ್ಲಾಪುರದ ಅಂಗಡಿಗೆ ಕೊಟ್ಟು ಬಂದೆ. ತಿಂಗಳವರೆಗೆ ಸುದ್ದಿಯಿಲ್ಲ. ಫೋನು ಮಾಡಿ ಕೇಳಲು ಮನಸ್ಸು ಬರಲಿಲ್ಲ. ಕಡೆಗೆ ಏನೋ ನೆಪ ಮಾಡಿಕೊಂಡು ನಾನೇ ಹೋದೆ.

"ಒಂದು ಹೋಯ್ತ್ರಿ," ಎಂದರು ಅಂಗಡಿಯವರು, ಕಂಡ ಕೂಡಲೇ.

"ಯಾರು ತಗೊಂಡ್ರು?"

"ಚಂದಗುಳಿ ಗಣಪತಿ ಗುಡಿಗೆ ಬಂದೋರು. ಬಸ್ ತಪ್ಪಿತ್ತು, ಓದ್ಲಿಕ್ಕೆ ಏನಾದ್ರೂ ತೋರಿಸ್ರಿ ಅಂದ್ರು. ಇಲ್ಲೇ ನಿಂತು ನಾಲ್ಕು ಪುಟ ಓದಿದ್ರು."

"ನನ್ನ ಪರಿಚಯದವರಾ?"

"ನಿಮ್ಮ ಹೆಸರು ಹೇಳಿದೆ. ಯಾರೋ ಗೊತ್ತಿಲ್ಲ ಅಂದ್ರು."

ಯಾರೋ ಗೊತ್ತಿಲ್ಲ. ಆ ಮಾತನ್ನು ಇನ್ನೊಮ್ಮೆ ಹೇಳಿಸಬೇಕೆನಿಸಿತು.

"ಚೌಕಾಸಿ ಬಹಳ ಮಾಡಿದ್ರು. ಹತ್ತು ರೂಪಾಯಿ ಬಿಟ್ಟೆ. ಕೆಳಗೆ ಹಳೇ ರೇಟ್ ಇರ್ತದೆ ಅಂತ ಸ್ಟಿಕರ್ ಕೆರೀಲಿಕ್ಕೆ ಹೊರಟಿದ್ರು, ನಾನೇ ತಡೆದೆ."

"ಹೇಗಿದ್ರು ನೋಡಲಿಕ್ಕೆ?"

"ಗಂಡಸರು. ಕನ್ನಡಕ ಇತ್ತು. ಅಷ್ಟೇ ನೆನಪು ನೋಡ್ರಿ."

ಶಿರಸಿ ಬಸ್ಸಿನಲ್ಲಿ ಕನ್ನಡಕದ ಗಂಡಸರು ಐದು ಜನ ಇದ್ದರು. ಕೊಂಡವರು ಯಾವತ್ತೋ ಬಂದು ಹೋದವರು, ಇಲ್ಲಿರುವುದು ಸಾಧ್ಯವಿಲ್ಲ ಎಂದು ತಲೆಗೆ ಗೊತ್ತಿತ್ತು. ಕಣ್ಣು ಕೇಳಲಿಲ್ಲ. ಅವರಲ್ಲಿ ಎದುರಿಗೆ ಕೂತವರ ಕೈಚೀಲದಲ್ಲಿ ಚೌಕಾಕಾರದ್ದು ಏನೋ ಇತ್ತು, ಸುಮಾರು ನನ್ನ ಪುಸ್ತಕದ ಸೈಜಿನದೇ. ದಾರಿಯುದ್ದಕ್ಕೂ ಅದನ್ನೇ ನೋಡುತ್ತ ಕೂತಿದ್ದೆ. ಕೊನೆಗೆ ಅವರು ತಡೆಯಲಾರದೆ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, "ಸ್ವೀಟ್ ಬಾಕ್ಸ್ ಅಮ್ಮಾ, ಮನೇಲಿ ಮಕ್ಕಳಿಗೆ," ಎಂದರು.