ಖಾಲಿ ಮಂಚದ ನಾಡಿ

ನಂಬಿ ಎಂದು ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ನನ್ನ ಕುತ್ತಿಗೆಯ ಎಡಭಾಗದಲ್ಲಿ ಉಗುರು ಇಳಿದ ಗುರುತು ಮೂರು ಇವೆ. ಆ ರಾತ್ರಿ ನನ್ನ ಜೊತೆ ಡ್ಯೂಟಿಯಲ್ಲಿದ್ದ ಶಬಾನಾಳ ಮೂಗು ಇವತ್ತಿಗೂ ಸ್ವಲ್ಪ ಸೊಟ್ಟಗಿದೆ. ಅದು ಹೇಗಾಯಿತು ಎಂದು ಕೇಳಿದವರಿಗೆ ನಾವಿಬ್ಬರೂ ಅರ್ಧ ಮಾತ್ರ ಹೇಳುತ್ತೇವೆ. ಇವತ್ತು ಪೂರ್ತಿ ಹೇಳುತ್ತಿದ್ದೇನೆ... ನಡೆದದ್ದನ್ನು ನಡೆದ ಹಾಗೆ.

ನಾನು ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಶುರು ಮಾಡಿದ್ದು ಲಿಂಗಸುಗೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ.

ಆಗಿನ ಕಾಲವೇ ಬೇರೆ. ವಯಸ್ಸಾಗಿದೆ, ಹೃದಯ ಸರಿಯಿಲ್ಲ, ಸಕ್ಕರೆ ಕಾಯಿಲೆ ಇದೆ ಎನ್ನುವಂಥವರ ಹೊಟ್ಟೆ ಕೊಯ್ಯಬೇಕು ಎಂದರೆ, "ರಾಯಚೂರಿಗರ ಒಯ್ರಿ, ಬಳ್ಳಾರಿಗರ ಒಯ್ರಿ" ಎಂದು ಜೀಪು ಹತ್ತಿಸಿಬಿಡುತ್ತಿದ್ದರು. ಎಷ್ಟೋ ಜನ ದಾರಿಯಲ್ಲೇ ಮುಗಿದರು. ಅಷ್ಟು ದೂರ ತಾಳಲಾರದವರಿಗೆ ಇಲ್ಲೇ ಆಪರೇಷನ್ ಮಾಡಿ, ಸಾಲುಮಂಚಗಳ ಹಾಲ್‌ಗೆ ತಂದು ಮಲಗಿಸುವುದು. ರಾತ್ರಿ ಇಡೀ ಹಾಲ್‌ಗೆ ಒಬ್ಬಳೇ ನರ್ಸ್. ನಾಡಿ ನೋಡುವುದು ನಾಲ್ಕು ತಾಸಿಗೊಮ್ಮೆ. ಉಳಿದ ಹೊತ್ತೆಲ್ಲ ಮನೆಯವರೇ ಕಾವಲು. ಅವರೋ, ಮಂಚದ ಕೆಳಗೆ ಚಾಪೆ ಹಾಸಿ ನಿದ್ದೆಹೋಗಿರುತ್ತಿದ್ದರು.

ನನ್ನ ಮೊದಲ ವರ್ಷ ಅಲ್ಲಿಗೆ ತುರ್ವಿಹಾಳದ ಹುಲಗಪ್ಪ ಬಂದ. ಕರುಳು ತೂತಾಗಿತ್ತು. ಆಪರೇಷನ್ ಆದ ರಾತ್ರಿ ಅವನಿಗೆ ಹುಚ್ಚು ಹಿಡಿದಂತಾಯಿತು. ಮೂಗಿನ ನಳಿಕೆ ಕಿತ್ತೆಸೆದ. ಹಿಡಿಯಲು ಬಂದ ತಮ್ಮನ ಎದೆಗೆ ಒದ್ದ. ಡಾಕ್ಟರಿಗೆ ಫೋನ್ ಮಾಡಿದರೆ, "ತಲಿ ಕೆಟ್ಟೈತಿ, ಕೈ ಕಟ್ಟಿಹಾಕ್ರಿ" ಎಂದರು.

ಬ್ಯಾಂಡೇಜ್ ಬಟ್ಟೆಯಿಂದ ಅವನ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿದೆವು. ಅವನ ತಮ್ಮ ಗಂಟು ಬಿಗಿದ. ನಾನು ಮಣಿಕಟ್ಟುಗಳ ಮೇಲೆ ಮೈಭಾರ ಹಾಕಿ ಒತ್ತಿ ಹಿಡಿದೆ. "ಬಿಚ್ಚವ್ವಾ... ಬಿಚ್ಚವ್ವಾ..." ಎಂದು ಅವನು ಗೋಗರೆಯುತ್ತಲೇ ಇದ್ದ. ಸರಳುಗಳು ಖಣ್ ಖಣ್ ಎಂದು ಬಡಿದುಕೊಳ್ಳುತ್ತಿದ್ದವು.

ಬೆಳಗಿನ ಜಾವಕ್ಕೆ ಸುಮ್ಮನಾದ. ನಿದ್ದೆ ಹತ್ತಿತು ಎಂದುಕೊಂಡೆ. ಹೊದಿಕೆ ಸರಿಸಿದಾಗ ಹೊಟ್ಟೆ ಮಡಕೆಯ ಹಾಗೆ ಉಬ್ಬಿತ್ತು. ಒಳಗೊಳಗೇ ರಕ್ತ ಸೋರಿ ಅವನು ಸತ್ತುಹೋಗಿದ್ದ. ಮಣಿಕಟ್ಟಿನ ಚರ್ಮ ಸುಲಿದು ಬಟ್ಟೆಗೆ ಅಂಟಿಕೊಂಡಿತ್ತು. ಅದು ಹುಚ್ಚಲ್ಲ... ರಕ್ತ ಖಾಲಿಯಾಗುತ್ತಿದ್ದವನ ಮಿದುಳು ಉಸಿರಿಗಾಗಿ ಒದ್ದಾಡಿದ್ದು. ನನಗೆ ಅದು ಗೊತ್ತಿರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಅವನ ತಮ್ಮ ಕೈಮುಗಿದು, "ನೀವು ಭಾಳ ಕಷ್ಟಪಟ್ರಿ ಸಿಸ್ಟರ್" ಎಂದು ಹೇಳಿಹೋದ.

ಈಗ ಎಲ್ಲ ಬದಲಾಗಿದೆ. ಅಂಥ ರೋಗಿಗಳಿಗಾಗಿಯೇ ನಮ್ಮಲ್ಲಿ ನಾಲ್ಕು ಮಂಚದ ಬೇರೆ ಕೋಣೆ ಇದೆ. ಅರಿವಳಿಕೆ ಡಾಕ್ಟರು ಮೊದಲೇ ಬಂದು ಹೃದಯ, ಶ್ವಾಸಕೋಶ ಎಲ್ಲ ಪರೀಕ್ಷಿಸುತ್ತಾರೆ. ಅಪಾಯ ಎಷ್ಟಿದೆ ಎಂದು ಮನೆಯವರಿಗೆ ಕೂರಿಸಿ ಹೇಳುತ್ತಾರೆ. ಪ್ರತಿ ಮಂಚಕ್ಕೂ ಒಂದು ಮಾನಿಟರ್. ನಾಡಿ, ಆಮ್ಲಜನಕ, ರಕ್ತದೊತ್ತಡ ಎಲ್ಲ ಅದರಲ್ಲಿ ಓಡುತ್ತಿರುತ್ತವೆ. ನಾಲ್ಕು ರೋಗಿಗಳಿಗೆ ಇಬ್ಬರು ನರ್ಸ್. ಹುಲಗಪ್ಪ ಈಗ ಬಂದಿದ್ದರೆ ಬದುಕುತ್ತಿದ್ದ... ಈ ಮಾತು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ.

ಆ ರಾತ್ರಿ ಕೋಣೆಯಲ್ಲಿ ಇದ್ದದ್ದು ಒಬ್ಬನೇ ರೋಗಿ. ಮಸ್ಕಿಯ ಕಮ್ಮಾರ ಮೌನೇಶಪ್ಪ. ಅರವತ್ತೆಂಟು ವರ್ಷ, ಸುತ್ತಿಗೆ ಬೀಸಿ ಬೀಸಿ ತೋಳು ಕಬ್ಬಿಣದಂತಾಗಿದ್ದವು, ಹೃದಯ ಮಾತ್ರ ದುರ್ಬಲ. ಕರುಳಿನ ಗಂಟು ತೆಗೆದಿದ್ದರು. ಎರಡನೇ ಮಂಚದಲ್ಲಿ ಮಲಗಿದ್ದ. ಮಗಳು ಈರಮ್ಮ ಹೊರಗೆ ಬೆಂಚಿನ ಮೇಲಿದ್ದಳು. ನನ್ನ ಜೊತೆ ಲಿಂಗಸುಗೂರಿನ ಹುಡುಗಿ ಶಬಾನಾ.

ರಾತ್ರಿ ಒಂದು ಗಂಟೆ ದಾಟಿರಬೇಕು. ಮಾನಿಟರ್ ಕೂಗಿಕೊಂಡಿತು.

ಓಡಿ ಎರಡನೇ ಮಂಚ ನೋಡಿದೆ. ಮೌನೇಶಪ್ಪ ನಿದ್ದೆಯಲ್ಲಿದ್ದ. ನಾಡಿ ಎಂಬತ್ತೆರಡು, ಆಮ್ಲಜನಕ ತೊಂಬತ್ತೇಳು. ಎಲ್ಲ ಸರಿಯಿತ್ತು.

ಕೂಗುತ್ತಿದ್ದದ್ದು ನಾಲ್ಕನೆಯದು.

ಆ ಮಂಚದಲ್ಲಿ ಯಾರೂ ಇರಲಿಲ್ಲ. ಬಿಳಿ ಹಾಸಿಗೆ ಸುಕ್ಕಿಲ್ಲದೆ ಹಾಸಿತ್ತು. ಮಾನಿಟರಿನ ವೈರುಗಳು ಗೋಡೆಯ ಕೊಕ್ಕೆಗೆ ಸುತ್ತಿಟ್ಟ ಹಾಗೇ ತೂಗುತ್ತಿದ್ದವು. ಆದರೆ ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು. ನಾಡಿ ನೂರ ಮೂವತ್ತೆಂಟು. ಆಮ್ಲಜನಕ ಎಂಬತ್ತೊಂದು... ಎಪ್ಪತ್ತೊಂಬತ್ತು...

"ಎಸಿ ಗಾಳಿಗೆ ವೈರ್ ಅಳ್ಳಾಡಾಕತ್ತಿರಬೇಕಕ್ಕಾ," ಎಂದಳು ಶಬಾನಾ. ಬಟನ್ ಒತ್ತಿ ಆರಿಸಿದಳು. ಬಂದು ಕುಳಿತೆವು.

ಎರಡು ನಿಮಿಷ ಕಳೆದಿರಲಿಲ್ಲ. ಅದು ತಾನಾಗಿಯೇ ಹೊತ್ತಿಕೊಂಡಿತು. ನಾಡಿ ನೂರ ನಲವತ್ತಾರು.

ಆಗ ವಾಸನೆ ಬಂತು. ಸ್ಪಿರಿಟ್ಟಿನದಲ್ಲ. ತುಕ್ಕು ಹಿಡಿದ ಕಬ್ಬಿಣವನ್ನು ನಾಲಿಗೆಗೆ ತಾಗಿಸಿದಂಥ, ಹಸಿ ರಕ್ತದ ವಾಸನೆ. ಶಬಾನಾ ನನ್ನ ತೋಳು ಹಿಡಿದಳು.

ಖಣ್...

ನಾಲ್ಕನೇ ಮಂಚದ ಪಕ್ಕದ ಸರಳು ತಾನೇ ಅಲುಗಿತು. ಖಣ್... ಖಣ್... ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಯಾರೋ ಎರಡೂ ಕೈ ಜಗ್ಗುತ್ತಿದ್ದ ಹಾಗೆ. ಆ ಸದ್ದನ್ನು ನಾನು ಮೊದಲೂ ಕೇಳಿದ್ದೆ...

"ಬಿಚ್ಚ್ರಿ ಅವನ್ನ!"

ಬೆನ್ನ ಹಿಂದೆ ಮೌನೇಶಪ್ಪ ಎದ್ದು ಕುಳಿತಿದ್ದ. ಕಣ್ಣು ಕೆಂಪಗೆ, ನೋಟ ನೇರ ನಾಲ್ಕನೇ ಮಂಚದ ಮೇಲೆ. ಕೈಯಲ್ಲಿದ್ದ ಸಲೈನಿನ ಸೂಜಿಯನ್ನು ಕಿತ್ತ. ರಕ್ತ ಗೋಡೆಗೆ ಚಿಮ್ಮಿತು. ಮೂಗಿನ ನಳಿಕೆ ಎಳೆದು ಬಿಸಾಡಿದ.

"ಕಾಕಾ, ಮಕ್ಕೊರಿ, ಹೊಲಿಗಿ ಬಿಚ್ತಾವು!" ಎಂದು ಶಬಾನಾ ಓಡಿದಳು. ಅವನು ಸಲೈನ್ ಕಂಬ ಕಿತ್ತು ಬೀಸಿದ. ಕಟಕ್ ಎಂದ ಸದ್ದು ನನಗೂ ಕೇಳಿಸಿತು. ಅವಳು ಮುಖ ಮುಚ್ಚಿಕೊಂಡು ಕುಸಿದಳು. ಬೆರಳ ಸಂದಿಯಿಂದ ರಕ್ತ ಸುರಿಯಿತು.

ನಾನು ಅಡ್ಡ ಹೋದೆ. ಅವನ ಒಂದು ಕೈ ನನ್ನ ಕುತ್ತಿಗೆ ಹಿಡಿಯಿತು. ಕುಲುಮೆಯ ಇಕ್ಕಳದಂಥ ಹಿಡಿತ. ಕಾಲು ನೆಲ ಬಿಟ್ಟಿತು. ಕಣ್ಣಿಗೆ ಕತ್ತಲೆ.

"ಕಟ್ಟಿ ಕೊಲ್ಲಾಕತ್ತೀರಿ... ಅಂವ ಸಾಯಾಕತ್ತಾನ... ಬಿಚ್ಚ್ರಿ!"

ಡ್ಯೂಟಿ ಡಾಕ್ಟರೂ ಈರಮ್ಮನೂ ಓಡಿಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನಾವು ಮೂವರೂ ಸೇರಿ ಅವನನ್ನು ಮಂಚಕ್ಕೆ ಕೆಡವಿದೆವು. ಹೊಟ್ಟೆಯ ಪಟ್ಟಿ ಕೆಂಪಾಗಿತ್ತು.

"ಸಿಸ್ಟರ್, ಕೈ ಕಟ್ಟ್ರಿ. ನಾ ನಿದ್ದಿ ಇಂಜೆಕ್ಷನ್ ಹಾಕ್ತೀನಿ," ಎಂದರು ಡಾಕ್ಟರು. ಚಿಕ್ಕ ವಯಸ್ಸಿನವರು.

ಬ್ಯಾಂಡೇಜ್ ಸುರುಳಿ ನನ್ನ ಕೈಯಲ್ಲಿತ್ತು. ಆ ಕಡೆ ಸರಳು ಬಡಿಯುತ್ತಲೇ ಇತ್ತು... ಖಣ್, ಖಣ್...

"ಕಟ್ಟೂದಿಲ್ಲ," ಎಂದೆ.

"ಏನ್ ಮಾತಾಡ್ತೀರಿ? ಇನ್ನೊಬ್ಬರನ್ನ ಕೊಂದ ಬಿಡ್ತಾನ ಅವ!"

"ಮೊದಲ ಹೊಟ್ಟಿ ನೋಡ್ರಿ ಸರ್. ಒಳಗ ರಕ್ತ ಸೋರಾಕತ್ತೈತಿ."

"ನಾಡಿ ಸರಿ ಐತಲ್ರಿ!"

"ಸರಿ ಇರಲಿ. ನೋಡ್ರಿ."

ನನ್ನ ದನಿ ನನಗೇ ಹೆದರಿಕೆ ಹುಟ್ಟಿಸುವಂತಿತ್ತು. ಅವರು ಸ್ಕ್ಯಾನಿಂಗ್ ಯಂತ್ರ ಎಳೆದು ತಂದು ಹೊಟ್ಟೆಯ ಮೇಲೆ ಇಟ್ಟರು. ಮುಖ ಬಿಳುಪೇರಿತು. ಹೊಟ್ಟೆಯ ತುಂಬ ರಕ್ತ. ಅದನ್ನು ಹೊರಗೆ ಹರಿಸಲು ಇಟ್ಟಿದ್ದ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಿ, ಒಂದು ಹನಿಯೂ ಹೊರಗೆ ಕಂಡಿರಲಿಲ್ಲ.

ಅರ್ಧ ಗಂಟೆಯಲ್ಲಿ ಸರ್ಜನ್ ಬಂದರು. ಮೌನೇಶಪ್ಪನನ್ನು ಮತ್ತೆ ಥಿಯೇಟರಿಗೆ ಒಯ್ದರು. ಒಳಗೆ ಒಂದು ರಕ್ತನಾಳಕ್ಕೆ ಹಾಕಿದ್ದ ದಾರದ ಗಂಟು ಜಾರಿತ್ತು. ಹೃದಯದ ಮಾತ್ರೆ ನುಂಗುವವರ ನಾಡಿ ರಕ್ತ ಸೋರಿದರೂ ಓಡುವುದಿಲ್ಲ, ಅದಕ್ಕೇ ಮಾನಿಟರ್ ಮೋಸ ಮಾಡಿತು ಎಂದು ಅವರು ಆಮೇಲೆ ವಿವರಿಸಿದರು. "ನಿಮಗ ಹೆಂಗ ಗೊತ್ತಾತು?" ಎಂದು ಕೇಳಿದರು. ಅನುಭವ ಸರ್, ಎಂದೆ.

ನಾನು ಕೋಣೆಗೆ ವಾಪಸ್ ಬಂದಾಗ ಬೆಳಗಾಗುತ್ತಿತ್ತು, ಸರಳಿನ ಬಡಿತ ನಿಂತಿತ್ತು. ನಾಲ್ಕನೇ ಮಾನಿಟರಿನ ಗೆರೆ ನೇರವಾಗಿ ಓಡುತ್ತಿತ್ತು. ಮುಂದಿನ ವಾರ ಮಾನಿಟರ್ ಕಂಪನಿಯ ಹುಡುಗ ಬಂದು ಅದರ ನೆನಪಿನಲ್ಲಿದ್ದದ್ದನ್ನು ಕಾಗದಕ್ಕಿಳಿಸಿದ. "ಇದು ವೈರ್ ಅಳ್ಳಾಡಿದ್ದಲ್ರಿ. ಇದು ಮನುಷ್ಯಾರದು," ಎಂದ. ಗೆರೆ ನಿಧಾನವಾಗಿ ಕುಗ್ಗಿ, ಬೆಳಗಿನ ಜಾವ ಮಲಗಿತ್ತು. ಆ ಹೊತ್ತಿಗೆ ನಮ್ಮ ಆಸ್ಪತ್ರೆಯಲ್ಲಿ ಯಾರೂ ಸತ್ತಿರಲಿಲ್ಲ.

ಹನ್ನೊಂದನೇ ದಿನ ಮೌನೇಶಪ್ಪ ಮನೆಗೆ ಹೊರಟ. ಈರಮ್ಮ ಆಟೋ ಕರೆಯಲು ಹೋಗಿದ್ದಳು.

"ಯವ್ವಾ, ನಿಮ್ಮನ್ನ ಹೊಡದೀನಂತ... ಮಗಳು ಹೇಳಿದ್ಲು. ತಪ್ಪಾತು. ನನಗ ಖಬರಾ ಇಲ್ಲ," ಎಂದು ನನ್ನ ಕುತ್ತಿಗೆಯ ಪಟ್ಟಿ ನೋಡಿ ಕಣ್ಣೀರು ಹಾಕಿದ. ಆಮೇಲೆ ದನಿ ಇಳಿಸಿ, "ಆ ನಾಕನೇ ಮಂಚದಾಂವ ಹೆಂಗದಾನ್ರಿ?" ಎಂದ.

"ಅಲ್ಲಿ ಯಾರೂ ಇರಲಿಲ್ರಿ ಕಾಕಾ."

ಅವನು ತಲೆಯಾಡಿಸಿದ. "ಇದ್ದ. ಅವನ ಮುಖ ಕಾಣಲಿಲ್ಲ ನೋಡ್ರಿ, ಆಕಿ ಅಡ್ಡ ಇದ್ಲು."

"ಯಾರು?"

"ಬಿಳಿ ಸೀರಿ ಉಟ್ಟಾಕಿ. ಹರೇದ ಹುಡುಗಿ. ಅವನ ಕೈ ಮ್ಯಾಲ ಬಿದ್ದು ಒತ್ತಿ ಹಿಡಿದಿದ್ಲು... ಒತ್ತಾಕತ್ತಿದ್ಲು, ಅಳಾಕತ್ತಿದ್ಲು."

ನಮ್ಮ ಆಸ್ಪತ್ರೆಯಲ್ಲಿ ಎಲ್ಲ ನರ್ಸ್‌ಗಳೂ ನೀಲಿ ಅಂಗಿ, ಪ್ಯಾಂಟ್ ತೊಡುತ್ತಾರೆ. ಸೀರೆ ಉಡುವವರು ಒಬ್ಬರೂ ಇಲ್ಲ. ಲಿಂಗಸುಗೂರಿನಲ್ಲಿ, ನನ್ನ ಮೊದಲ ವರ್ಷ, ನಾವು ಬಿಳಿ ಸೀರೆ ಉಡುತ್ತಿದ್ದೆವು. ಮತ್ತು ಆ ರಾತ್ರಿ ಹುಲಗಪ್ಪನ ಕೈ ಒತ್ತಿ ಹಿಡಿದುಕೊಂಡು ನಾನು ಅತ್ತಿದ್ದೆ. ತಲೆ ಬಗ್ಗಿಸಿ, ಅವನ ತಮ್ಮನಿಗೂ ಕಾಣದ ಹಾಗೆ. ಇದನ್ನು ನಾನು ನನ್ನ ಗಂಡನಿಗೂ ಹೇಳಿಲ್ಲ.

ಮೌನೇಶಪ್ಪ ಚೆನ್ನಾಗಿದ್ದಾನೆ. ಅವನನ್ನು ಇನ್ನೊಂದು ಮಾತು ಕೇಳಬೇಕೆಂದು ಎರಡು ಸಲ ಮಸ್ಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಇಳಿದು, ಅಲ್ಲೇ ಒಂದು ಚಹಾ ಕುಡಿದು ತಿರುಗಿ ಬಂದಿದ್ದೇನೆ. ಆ ಹುಡುಗಿಯ ಮುಖ ನೋಡಿದ್ರೇನು ಕಾಕಾ, ಎಂದು ಕೇಳಬೇಕು.

ನೋಡೀನಿ, ಎಂದುಬಿಟ್ಟರೆ...